ಹಳ್ಳವೋ ಹಳ್ಳಿಯೋ: ಅರ್ಥಜಾಲ ಮತ್ತು ಕನ್ನಡ ಗ್ರಂಥಾಲಯಗಳು

ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಮಲೆಸೀಮೆಯಲ್ಲಿ ಹೊಂಗಡಹಳ್ಳವೆಂಬ ಊರಿದೆ. ಅದೇ ಹೆಸರಿನ ಹಳ್ಳವೂ ಇದೆ. ಗುಂಡ್ಯ ಜಲವಿದ್ಯುತ್ ಯೋಜನೆಯ ಕಡತಗಳಲ್ಲಿ ಎತ್ತಿನಹೊಳೆ, ಕೇರಿಹೊಳೆಗಳ ಸಾಲಿನಲ್ಲಿ, ನೀರು ತಿರುಗಿಸಬೇಕಾದ ತೊರೆಯೆಂದು ಕಾಣಿಸಿಕೊಳ್ಳುವುದು ಈ ಹಳ್ಳ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿಯು 2011ರ ವರದಿಯಲ್ಲಿ ಆ ಯೋಜನೆಗೆ ಅನುಮತಿ ನೀಡಬಾರದೆಂದು ಶಿಫಾರಸು ಮಾಡಿತು. ಯೋಜನೆಯ ಪರವಾಗಿಯೂ ವಿರೋಧವಾಗಿಯೂ ಹುಟ್ಟಿದ ಬರಹ ಸ್ವಲ್ಪವಲ್ಲ. ಆ ಸೀಮೆಯ ಶಾಸನಗಳು, ಗ್ಯಾಸೆಟಿಯರುಗಳು, ಜನಗಣತಿಯ ಪುಸ್ತಕಗಳು, ಸಂಶೋಧನ ಪ್ರಬಂಧಗಳು ಬೇರೆಯೇ ಇವೆ.

ಈಗ ಆ ಊರಿನಲ್ಲಿ ಹುಟ್ಟಿ ಬೆಳೆದ ಒಬ್ಬ ವಿದ್ಯಾರ್ಥಿನಿ ತನ್ನ ಊರಿನ ಬಗ್ಗೆ ಬರೆದಿಟ್ಟದ್ದನ್ನೆಲ್ಲ ಒಂದೆಡೆ ಓದಬೇಕೆಂದು ಗ್ರಂಥಾಲಯದ ಗಣಕಯಂತ್ರದ ಮುಂದೆ ಕುಳಿತಳೆಂದು ಭಾವಿಸಬಹುದು. ಹೊಂಗಡಹಳ್ಳವೆಂದು ಹುಡುಕಿದರೆ ಯಾರೋ ಹೊಂಗಡಹಳ್ಳಿಯೆಂದು ಬರೆದದ್ದು ಸಿಕ್ಕದು. ರೋಮನ್ ಲಿಪಿಯಲ್ಲಿ ಹುಡುಕಿದರೆ ಳಕಾರ ಲಕಾರಗಳ ಭೇದವಳಿದು, ಒಂದು ದಾಖಲೆಯ ಕಾಗುಣಿತ ಇನ್ನೊಂದಕ್ಕೆ ಹೊಂದದು. ಸಿಕ್ಕಿದ್ದರಲ್ಲಿಯೂ ಯಾವುದು ಊರನ್ನು ಹೇಳುತ್ತಿದೆ, ಯಾವುದು ತೊರೆಯನ್ನು ಹೇಳುತ್ತಿದೆ ಎಂಬುದನ್ನು ಯಂತ್ರ ತಿಳಿಯದು. ಇನ್ನು ಸಕಲೇಶಪುರ ತಾಲ್ಲೂಕೆಂದು ಹುಡುಕಿದವಳಿಗೆ ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟದ ಶಾಸನಗಳು ದೊರೆಯುವುದೇ ಇಲ್ಲ. ಏಕೆಂದರೆ ಅಲ್ಲಿ ಆ ತಾಲ್ಲೂಕಿನ ಹೆಸರು ಮಂಜರಾಬಾದ್. ಪುಸ್ತಕಗಳಿಗೆ ಕೊರತೆಯಿಲ್ಲ. ಒಂದು ಪುಸ್ತಕ ಇನ್ನೊಂದನ್ನು ಅರಿಯದೆ ಕುಳಿತಿದೆ, ಅಷ್ಟೇ.

ಈ ಅರಿಯದಿರುವಿಕೆಯನ್ನು ನೀಗಿಸಲೆಂದೇ ರೂಪುಗೊಂಡ ತಂತ್ರಜ್ಞಾನಗಳ ಸಮೂಹಕ್ಕೆ ಸೆಮ್ಯಾಂಟಿಕ್ ವೆಬ್ ಎಂಬ ಹೆಸರಿದೆ; ಕನ್ನಡದಲ್ಲಿ ಅರ್ಥಜಾಲವೆನ್ನಬಹುದು. ಕನ್ನಡದ ಗ್ರಂಥಾಲಯಗಳಿಗೆ ಅದು ಬೇಕೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಗಣಕತಜ್ಞರಿಗೆ ಒಪ್ಪಿಸಿ ಸಾಹಿತ್ಯದ ವಿದ್ವಾಂಸರು ಸುಮ್ಮನಾಗುವುದುಂಟು. ಈ ಒಪ್ಪಿಸುವಿಕೆಯೇ ತಪ್ಪು. ಅರ್ಥಜಾಲದ ಮೊದಲ ಕೆಲಸ ಯಾರು ಯಾರೆಂದು, ಯಾವುದು ಯಾವುದೆಂದು ಗುರುತಿಸುವುದು. ಆ ಕೆಲಸವನ್ನು ಮಾಡಬಲ್ಲವರು ಕನ್ನಡ ವಿದ್ವಾಂಸರೇ. ಅವರು ಮಾಡದಿದ್ದರೆ ಕನ್ನಡವನ್ನರಿಯದ ಯಾರೋ ಮಾಡುತ್ತಾರೆ, ಮಾಡಿದ್ದು ಲೋಕಪ್ರಮಾಣವಾಗುತ್ತದೆ.

ಮೂರು ಪದಗಳ ವಾಕ್ಯ

ವಿಶ್ವವ್ಯಾಪಿ ಜಾಲವನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ ಅವರು ಜೇಮ್ಸ್ ಹೆಂಡ್ಲರ್ ಮತ್ತು ಓರಾ ಲಸ್ಸಿಲ ಅವರೊಡನೆ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ 2001ರ ಮೇ ಸಂಚಿಕೆಯಲ್ಲಿ ಬರೆದ ಲೇಖನದಿಂದ ಅರ್ಥಜಾಲದ ಕಲ್ಪನೆ ಪ್ರಚುರವಾಯಿತು. ಜಾಲದ ಪುಟಗಳನ್ನು ಮನುಷ್ಯ ಓದಿ ಅರ್ಥಮಾಡಿಕೊಳ್ಳುತ್ತಾನೆ. ಯಂತ್ರಕ್ಕೆ ಅವು ಅಕ್ಷರಗಳ ಸಾಲು ಮಾತ್ರ. ಪುಟದೊಳಗಿನ ಸಂಗತಿಗಳನ್ನೂ ಅವುಗಳ ಸಂಬಂಧಗಳನ್ನೂ ಯಂತ್ರ ಗ್ರಹಿಸುವಂತೆ ಬರೆದಿಡಬೇಕೆಂಬುದು ಆ ಕಲ್ಪನೆಯ ಸಾರ. ಅದಕ್ಕೆ ಬೇಕಾದ ಆರ್‌ಡಿಎಫ್ ಎಂಬ ನಿರೂಪಣಾ ವಿಧಾನಕ್ಕೆ 1999ರಲ್ಲಿಯೇ ಮಾನ್ಯತೆ ದೊರೆತಿತ್ತು.

ಆರ್‌ಡಿಎಫ್‌ನ ತಿರುಳು ವ್ಯಾಕರಣ ಓದಿದವರಿಗೆ ಹೊಸದೇನಲ್ಲ. ಪ್ರತಿಯೊಂದು ಸಂಗತಿಯನ್ನೂ ಮೂರು ಪದಗಳ ವಾಕ್ಯವಾಗಿ ಒಡೆಯಬೇಕು: ‘ಪಂಪ’, ‘ರಚಿಸಿದನು’, ‘ಆದಿಪುರಾಣ’. ಕರ್ತೃ, ಕ್ರಿಯೆ, ಕರ್ಮ. ‘ಆದಿಪುರಾಣ’, ‘ರಚನೆಯ ಕಾಲ’, ‘ಕ್ರಿ.ಶ. 941’ ಎಂಬುದು ಇನ್ನೊಂದು ವಾಕ್ಯ. ಮೊದಲ ವಾಕ್ಯದ ಕರ್ಮವೇ ಎರಡನೆಯ ವಾಕ್ಯದ ಕರ್ತೃವಾಗುವುದರಿಂದ ಎರಡೂ ಕೊಂಡಿ ಹಾಕಿಕೊಳ್ಳುತ್ತವೆ. ಹೀಗೆ ಸಾವಿರಾರು ವಾಕ್ಯಗಳು ಸೇರಿ ಜಾಲವಾಗುತ್ತದೆ.

ಇಲ್ಲಿ ಒಂದು ಕಟ್ಟುಪಾಡಿದೆ. ವಾಕ್ಯದಲ್ಲಿ ಬರುವ ‘ಪಂಪ’ ಎಂಬುದು ಎರಡಕ್ಷರದ ಹೆಸರಾಗಿರದೆ, ಆ ಒಬ್ಬ ಕವಿಗೆ ಮಾತ್ರ ಸಲ್ಲುವ ಗುರುತುಸಂಖ್ಯೆಯಾಗಿರಬೇಕು. ಕನ್ನಡದಲ್ಲಿ ಬರೆಯಲಿ, ದೇವನಾಗರಿಯಲ್ಲಿ ಬರೆಯಲಿ, ಆದಿಪಂಪನೆನ್ನಲಿ, ಗುರುತುಸಂಖ್ಯೆ ಅದೇ. ಅದೇ ಬಗೆಯಲ್ಲಿ ಹೊಂಗಡಹಳ್ಳವೆಂಬ ಊರಿಗೊಂದು ಸಂಖ್ಯೆ, ಹೊಂಗಡಹಳ್ಳವೆಂಬ ತೊರೆಗೆ ಇನ್ನೊಂದು ಸಂಖ್ಯೆ. ಮಂಜರಾಬಾದ್ ತಾಲ್ಲೂಕು ಸಕಲೇಶಪುರ ತಾಲ್ಲೂಕಿನ ಹಿಂದಿನ ಹೆಸರೆಂದು ಒಂದು ವಾಕ್ಯ. ಇಷ್ಟಾದರೆ ಆ ವಿದ್ಯಾರ್ಥಿನಿಯ ತೊಡಕು ಮುಕ್ಕಾಲು ಪಾಲು ಬಿಡಿಸಿದಂತೆ.

ಹೆಸರೊಂದು, ಕವಿಗಳಿಬ್ಬರು

ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಗುರುತಿಸುವ ಕೆಲಸ ಎಷ್ಟು ಸೂಕ್ಷ್ಮವಾದುದೆಂಬುದನ್ನು ಪ್ರಾಚೀನ ಕವಿಗಳ ಹೆಸರುಗಳೇ ತೋರಿಸುತ್ತವೆ. ಛಂದೋಂಬುಧಿ, ಕರ್ಣಾಟಕ ಕಾದಂಬರಿಗಳ ನಾಗವರ್ಮನು ಹತ್ತನೆಯ ಶತಮಾನದ ಕೊನೆಯವನು. ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣಗಳ ನಾಗವರ್ಮನು ಬೇರೆಯವನು. ಅವನ ಕಾಲವನ್ನು ಕೆಲವರು 11ನೆಯ ಶತಮಾನಕ್ಕೂ ಕೆಲವರು 12ನೆಯ ಶತಮಾನಕ್ಕೂ ಹೇಳುತ್ತಾರೆ. ಗ್ರಂಥಾಲಯದ ಯಾದಿಯಲ್ಲಿ ಇಬ್ಬರೂ ‘ನಾಗವರ್ಮ’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಕೂತರೆ ಎರಡು ಶತಮಾನಗಳು ಒಂದಾಗಿಬಿಡುತ್ತವೆ.

ಇದಕ್ಕೆ ವಿಪರ್ಯಯವಾದ ನಿದರ್ಶನ ನಾಗಚಂದ್ರನದು. ಅವನು ಅಭಿನವಪಂಪನೂ ಹೌದು. ಅವನ ರಾಮಚಂದ್ರಚರಿತಪುರಾಣಕ್ಕೆ ಪಂಪರಾಮಾಯಣವೆಂಬ ಹೆಸರು ರೂಢಿಯಲ್ಲಿದೆ. ಕನ್ನಡವನ್ನು ಓದಬಲ್ಲ, ಆದರೆ ಸಾಹಿತ್ಯಚರಿತ್ರೆಯ ಪರಿಚಯವಿಲ್ಲದ ಯಾದಿಕಾರನು ಪಂಪಭಾರತದ ಪಕ್ಕದಲ್ಲಿ ಪಂಪರಾಮಾಯಣವನ್ನಿಟ್ಟು ಎರಡಕ್ಕೂ ಒಬ್ಬನೇ ಕರ್ತೃವೆಂದು ಬರೆದರೆ ಆಶ್ಚರ್ಯಪಡಬೇಕಾಗಿಲ್ಲ. ಪಂಪಭಾರತಕ್ಕೆ ವಿಕ್ರಮಾರ್ಜುನವಿಜಯವೆಂಬುದು ಕವಿಯಿಟ್ಟ ಹೆಸರೆಂಬುದೂ ಅವನಿಗೆ ತಿಳಿದಿರಬೇಕು. ಇಲ್ಲವಾದರೆ ಒಂದು ಕಾವ್ಯ ಎರಡಾಗುತ್ತದೆ. ಆದಿಪುರಾಣದ ವಿಷಯದಲ್ಲಿ ಎರಡು ಒಂದಾಗುವ ಭಯ: ಸಂಸ್ಕೃತದ ಆದಿಪುರಾಣ ಜಿನಸೇನಾಚಾರ್ಯರದು, ಕನ್ನಡದ್ದು ಪಂಪನದು. ಆ ಜಿನಸೇನರೂ ಹರಿವಂಶಪುರಾಣದ ಜಿನಸೇನರೂ ಬೇರೆ ಬೇರೆ.

ಈ ಬಗೆಯ ಗೋಜನ್ನು ಬಿಡಿಸುವುದು ಕನ್ನಡಕ್ಕೆ ಹೊಸ ಸಾಹಸವಲ್ಲ. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಪ್ರಕಟವಾದವು. ಕವಿಯ ಹೆಸರು, ಬಿರುದು, ಕಾಲ, ಮತ, ಆಶ್ರಯದಾತ, ಗುರು, ಗ್ರಂಥ, ಇವುಗಳಿಗೆ ಆಧಾರವಾದ ಪದ್ಯ ಅಥವಾ ಶಾಸನ, ಹೀಗೆ ಸಾಗುವ ಅದರ ಒಂದೊಂದು ಬರಹವನ್ನೂ ಮೂರು ಪದಗಳ ವಾಕ್ಯಗಳಾಗಿ ಬಿಡಿಸಲು ಹೆಚ್ಚು ಶ್ರಮ ಬೇಕಿಲ್ಲ. ಗ್ರಂಥಾಲಯ ಶಾಸ್ತ್ರದವರು ಯಾವುದನ್ನು ಕರ್ತೃನಾಮಗಳ ಪ್ರಮಾಣಸೂಚಿ ಎನ್ನುತ್ತಾರೋ ಅದು ಕನ್ನಡದಲ್ಲಿ ಗಣಕಯಂತ್ರ ಬರುವ ಮೊದಲೇ ಸಿದ್ಧವಾಗಿತ್ತು. ಮುಂದಿನ ಸಂಶೋಧನೆ ಅದರಲ್ಲಿ ತಿದ್ದಿದ್ದು ಬಹಳವಿದೆ; ಆದರೆ ಅಡಿಪಾಯವಿದೆ.

ಕೃತಿ, ಪ್ರತಿ, ಲಿಪಿ

ಗ್ರಂಥಾಲಯಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಇಫ್ಲಾ 1998ರಲ್ಲಿ ಒಂದು ಪರಿಕಲ್ಪನಾ ಮಾದರಿಯನ್ನು ಮಂಡಿಸಿ, 2017ರಲ್ಲಿ ಅದನ್ನು ಪರಿಷ್ಕರಿಸಿತು. ಅದರ ಪ್ರಕಾರ ಕವಿಯ ಕೃತಿ ಒಂದು. ಅದು ತಾಳಿದ ಪಾಠ ಅಥವಾ ಅನುವಾದ ಇನ್ನೊಂದು. ಅಚ್ಚಾದ ಆವೃತ್ತಿ ಮತ್ತೊಂದು. ಕೈಯಲ್ಲಿ ಹಿಡಿದ ಪ್ರತಿ ಮಗುದೊಂದು. ಯಾದಿಯಲ್ಲಿ ಈ ನಾಲ್ಕನ್ನೂ ಬೇರ್ಪಡಿಸಿ ಹೇಳಬೇಕು.

ಕನ್ನಡದ ಓದುಗನಿಗೆ ಇದನ್ನು ವಿವರಿಸಲು ಅತ್ತಿಮಬ್ಬೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ಆ ದಾನಚಿಂತಾಮಣಿಯ ಕಾರ್ಯದಲ್ಲಿ ಕೃತಿ ಒಂದು, ಓಲೆಯ ಪ್ರತಿ ಸಾವಿರ. ಇಂಥ ಪ್ರತಿಗಳು ಒಬ್ಬೊಬ್ಬ ಲಿಪಿಕಾರನ ಕೈಯಲ್ಲಿ ಮರುಪ್ರತಿಯಾಗುತ್ತ ಪಾಠಾಂತರಗಳನ್ನು ಪಡೆಯುತ್ತವೆ. ಗ್ರಂಥಸಂಪಾದನೆಯ ಸಮಸ್ಯೆಯೆಲ್ಲ ಈ ವಂಶಾವಳಿಯದೇ. ಹಸ್ತಪ್ರತಿಗಳ ಯಾದಿಯಲ್ಲಿ ‘ಇದು ಅದರ ಪ್ರತಿ’, ‘ಇದರ ಲಿಪಿಕಾರ ಈತ’, ‘ಇದನ್ನು ಮಾಡಿಸಿದವರು ಇಂಥವರು’ ಎಂಬ ವಾಕ್ಯಗಳು ಕೊಂಡಿಗೂಡಿದರೆ ಒಬ್ಬ ಸಂಪಾದಕ ವರ್ಷಗಟ್ಟಲೆ ಅಲೆದು ಕಂಡುಕೊಳ್ಳುವ ಸಂಬಂಧಗಳು ಮುಂದಿನ ಸಂಪಾದಕನಿಗೆ ಕುಳಿತಲ್ಲಿಯೇ ದೊರೆಯುತ್ತವೆ.

ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳು ಇನ್ನೊಂದು ಪಾಠ ಹೇಳುತ್ತವೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಯೋಲೆಗಳು ಅಲ್ಲಿ ಉಳಿದು ಬಂದಿದ್ದರಿಂದಲೇ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ 16 ಸಂಪುಟಗಳಾಗಿ ಅದು ಲೋಕಕ್ಕೆ ತಿಳಿಯಿತು. ಆ ಓಲೆಗಳ ಲಿಪಿ ಹಳಗನ್ನಡದ್ದು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಭಾಷೆ ಮತ್ತು ಲಿಪಿಗೆ ಒಂದೇ ಅಂಕಣವಿಟ್ಟ ಯಾದಿ ಇಂಥ ಪ್ರತಿಯನ್ನು ಕನ್ನಡವೆಂದರೆ ಪ್ರಾಕೃತದ ಸಂಶೋಧಕನಿಗೆ ಅದು ಸಿಗದು. ಪ್ರಾಕೃತವೆಂದರೆ ಕನ್ನಡ ಲಿಪಿಯ ಚರಿತ್ರೆ ಬರೆಯುವವನಿಗೆ ಸಿಗದು. ಭಾಷೆ ಒಂದು ವಾಕ್ಯ, ಲಿಪಿ ಇನ್ನೊಂದು ವಾಕ್ಯ ಎಂದು ಬರೆದರೆ ಇಬ್ಬರಿಗೂ ದೊರೆಯುತ್ತದೆ. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಳೆಯೋಲೆಗಳ ಗ್ರಂಥಸೂಚಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಹೊರಬಂದಿತು. ಕರ್ನಾಟಕದ ಓಲೆಯ ಸುದ್ದಿ ಕಾಶಿಯ ಪುಸ್ತಕದಲ್ಲಿರುವ ಇಂಥ ಸ್ಥಿತಿಯಲ್ಲಿ ಯಾದಿಗಳು ಪರಸ್ಪರ ಮಾತಾಡುವುದು ಅನುಕೂಲವಷ್ಟೇ ಆಗಿರದೆ ಅಗತ್ಯವೇ ಆಗುತ್ತದೆ.

ಒಂದೇ ಕಲ್ಲು, ಮೂರು ಸಂಖ್ಯೆ

ಶಾಸನಗಳ ಉಲ್ಲೇಖದಲ್ಲಿ ಸಂಶೋಧಕರು ಪಡುವ ಪಾಡು ಪ್ರಸಿದ್ಧವಾದುದು. ಶ್ರವಣಬೆಳಗೊಳದ ಶಾಸನಗಳನ್ನು ರೈಸ್ 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573. ಪ್ರತಿ ಆವೃತ್ತಿಯೂ ಹಿಂದಿನದಕ್ಕಿಂತ ಉಪಯುಕ್ತ. ಆದರೆ ಪ್ರತಿ ಆವೃತ್ತಿಯಲ್ಲಿಯೂ ಸಂಖ್ಯೆಗಳು ಬದಲಾದುವು. 1910ರ ಲೇಖಕನೊಬ್ಬ ಕೊಟ್ಟ ಸಂಖ್ಯೆಯನ್ನು ಇಂದಿನ ಪುಸ್ತಕದಲ್ಲಿ ತೆರೆದು ನೋಡಿದ ವಿದ್ಯಾರ್ಥಿಗೆ ಬೇರೆಯೇ ಶಾಸನ ಎದುರಾಗುತ್ತದೆ. ಆತ ಆ ಲೇಖಕನೇ ತಪ್ಪಿದನೆಂದು ತಿಳಿದರೂ ತಿಳಿದನೇ. ಹೊಸ ಆವೃತ್ತಿಗಳಲ್ಲಿ ಹಳೆಯ ಸಂಖ್ಯೆಗಳ ಹೋಲಿಕೆ ದೊರೆತರೂ ಅದನ್ನು ಮನುಷ್ಯನೇ ಪುಟ ತಿರುವಿ ನೋಡಬೇಕು. ಗ್ರಂಥಾಲಯದ ಯಾದಿಗೆ ಅದರ ಅರಿವಿಲ್ಲ.

ಕಲ್ಲು ಒಂದೇ. ಆ ಕಲ್ಲಿಗೆ ಒಂದು ಸ್ಥಿರವಾದ ಗುರುತುಸಂಖ್ಯೆಯಿತ್ತು, ಮೂರೂ ಪ್ರಕಟಣೆಗಳ ಸಂಖ್ಯೆಗಳನ್ನು ಅದಕ್ಕೆ ಕಟ್ಟಿದರೆ, ನೂರು ವರ್ಷಗಳ ಸಂಶೋಧನ ಲೇಖನಗಳು ಒಮ್ಮೆಗೇ ಒಂದರೊಡನೊಂದು ಮಾತಿಗೆ ಬರುತ್ತವೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಶಾಸನವನ್ನು ಓದಬಲ್ಲ ಕಣ್ಣು, ಸಾವಧಾನ, ಒಂದು ಕೋಷ್ಟಕ ಸಾಕು.

ಯಾರ ಮಾತು ಪ್ರಮಾಣ

ಹೊರಗಿನ ಲೋಕ ಸುಮ್ಮನೆ ಕುಳಿತಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1960ರ ದಶಕದಲ್ಲಿ ತಾನೇ ರೂಪಿಸಿದ ಮಾರ್ಕ್ ಎಂಬ ಯಾದಿಮಾದರಿಯ ಬದಲಿಗೆ ಬಿಬ್‌ಫ್ರೇಮ್ ಎಂಬ ಹೊಸ ಮಾದರಿಯನ್ನು ಕಟ್ಟುವ ಕೆಲಸವನ್ನು 2011ರಲ್ಲಿ ಆರಂಭಿಸಿತು. ಸ್ವೀಡನ್ನಿನ ರಾಷ್ಟ್ರೀಯ ಗ್ರಂಥಾಲಯ ತನ್ನ ಒಕ್ಕೂಟ ಯಾದಿಯನ್ನು 2008ರಷ್ಟು ಹಿಂದೆಯೇ ಕೊಂಡಿಗೂಡಿದ ದತ್ತಾಂಶವಾಗಿ ತೆರೆದಿಟ್ಟಿತು. ಅನೇಕ ದೇಶಗಳ ಕರ್ತೃಸೂಚಿಗಳನ್ನು ಒಂದುಗೂಡಿಸುವ ವಯಾಫ್ 2003ರಿಂದ, ಯಾರು ಬೇಕಾದರೂ ತುಂಬಬಹುದಾದ ವಿಕಿಡೇಟಾ 2012ರಿಂದ ಬೆಳೆಯುತ್ತಿವೆ. ಪಂಪ, ರನ್ನ, ಜನ್ನರು ಅಲ್ಲಿ ಆಗಲೇ ಸಂಖ್ಯೆ ಪಡೆದಿದ್ದಾರೆ. ಆ ನಮೂದುಗಳನ್ನು ಯಾರು, ಯಾವ ಆಧಾರದಿಂದ ಬರೆದರೆಂಬುದೇ ಪ್ರಶ್ನೆ.

ಕವಿರಾಜಮಾರ್ಗವನ್ನು ತೆಗೆದುಕೊಂಡರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಅದರ ಕರ್ತೃ ನೃಪತುಂಗನೇ, ಶ್ರೀವಿಜಯನೇ ಎಂಬ ಚರ್ಚೆ, ಕೆ.ಬಿ. ಪಾಠಕರು 1898ರಲ್ಲಿ ಗ್ರಂಥವನ್ನು ಪ್ರಕಟಿಸಿದಂದಿನಿಂದ ಕನ್ನಡ ವಿದ್ವತ್ತಿನ ಒಂದು ದೊಡ್ಡ ವಾದವಾಗಿ ಬೆಳೆದಿದೆ. ಯಾದಿಯಲ್ಲಿ ಕರ್ತೃವಿಗೆ ಒಂದೇ ಮನೆಯಿದ್ದು ಅದರಲ್ಲಿ ಒಂದೇ ಹೆಸರು ತುಂಬಿದರೆ ಈ ವಾದವೆಲ್ಲ ಅಳಿಸಿಹೋಗುತ್ತದೆ. ದೂರದೇಶದ ಯಂತ್ರವೊಂದು ಆ ಹೆಸರನ್ನೆತ್ತಿಕೊಂಡು ನೂರು ಕಡೆ ಉತ್ತರವಾಗಿ ಕೊಟ್ಟರೆ, ಊಹೆಯು ಸಿದ್ಧಾಂತವಾಗಲು ಹೆಚ್ಚು ಕಾಲ ಬೇಡ.

ಅರ್ಥಜಾಲದ ಬಲವಿರುವುದು ಇಲ್ಲಿಯೇ. ಒಂದು ವಾಕ್ಯದ ಬಗ್ಗೆಯೇ ಇನ್ನೊಂದು ವಾಕ್ಯವನ್ನು ಅದರಲ್ಲಿ ಬರೆಯಬಹುದು: ಈ ಕರ್ತೃತ್ವವನ್ನು ಹೇಳಿದವರು ಇಂಥವರು, ಇಂಥ ಗ್ರಂಥದಲ್ಲಿ, ಇಂಥ ವರ್ಷ, ಇಂಥ ಆಧಾರದಿಂದ, ಇದನ್ನು ಒಪ್ಪದವರು ಇಂಥವರು. ಎರಡು ಪಕ್ಷಗಳನ್ನೂ ಅವುಗಳ ಸಾಕ್ಷಿಗಳೊಡನೆ ಉಳಿಸಬಹುದು. ಕಾಗದದ ಕಾರ್ಡಿನಲ್ಲಿ ಇದಕ್ಕೆ ಸ್ಥಳವಿರಲಿಲ್ಲ. ಆದರೆ ಪಕ್ಷಗಳನ್ನು ಬಲ್ಲವರು ಬರೆದರೆ ಮಾತ್ರ ಅವು ಉಳಿಯುತ್ತವೆ.

ಎರಡು ಆಕ್ಷೇಪಗಳು

ಗ್ರಂಥಗಳೆಲ್ಲ ಗಣಕೀಕೃತವಾದ ಮೇಲೆ ಪೂರ್ಣಪಾಠವನ್ನೇ ಹುಡುಕಬಹುದಲ್ಲ, ಯಾದಿಯ ಈ ಗೊಡವೆಯೇಕೆ ಎಂಬುದು ಮೊದಲ ಆಕ್ಷೇಪ. ಪೂರ್ಣಪಾಠದ ಹುಡುಕಾಟ ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಹುಡುಕುವುದು ಅಕ್ಷರಗಳನ್ನು. ಹಳೆಯ ಅಚ್ಚಿನ ಱ, ೞ ಅಕ್ಷರಗಳನ್ನು ಯಂತ್ರ ತಪ್ಪಾಗಿ ಓದಿದರೆ ಪದವೇ ಕಾಣೆಯಾಗುತ್ತದೆ. ಯೂನಿಕೋಡಿಗೆ ಬಾರದ ಹಳೆಯ ಫಾಂಟುಗಳಲ್ಲಿ ಕೂಡಿಸಿಟ್ಟ ಪಠ್ಯ ಯಂತ್ರಕ್ಕೆ ಕನ್ನಡವೆಂದೇ ತಿಳಿಯದು. ಎಲ್ಲವೂ ಸರಿಯಾಗಿ ಓದಿಸಿಕೊಂಡರೂ ‘ನಾಗವರ್ಮ’ ಎಂಬ ನಾಲ್ಕಕ್ಷರ ಯಾವ ನಾಗವರ್ಮನದೆಂದು ಅಕ್ಷರಗಳೇ ಹೇಳಲಾರವು.

ಸಣ್ಣ ಗ್ರಂಥಾಲಯಗಳಿಗೆ ಹಣವೂ ಇಲ್ಲ, ತಜ್ಞರೂ ಇಲ್ಲವೆಂಬುದು ಎರಡನೆಯ ಆಕ್ಷೇಪ. ಇದು ನಿಜವಾದ ತೊಡಕು. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾಗಿ, ಈಗ ಅರಿವು ಕೇಂದ್ರಗಳೆನಿಸಿಕೊಂಡಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರಿಂದ ಆರ್‌ಡಿಎಫ್ ಬರೆಸಬೇಕೆನ್ನುವುದು ವಿವೇಕವಲ್ಲ. ಆದರೆ ಅವರು ಬರೆಯಬೇಕಾಗಿಯೂ ಇಲ್ಲ. ಗುರುತುಸಂಖ್ಯೆಗಳನ್ನು ಸೃಷ್ಟಿಸುವ ಹೊಣೆ ವಿಶ್ವವಿದ್ಯಾನಿಲಯಗಳದು; ಪಟ್ಟಿಯಿಂದ ಆರಿಸುವುದಷ್ಟೇ ಊರಿನ ಗ್ರಂಥಾಲಯದ ಕೆಲಸ.

ತಜ್ಞತೆಯ ವಿಷಯಕ್ಕೆ ಬಂದರೆ ಕರ್ನಾಟಕ ಬಡವಾಗಿಲ್ಲ. ಗ್ರಂಥಾಲಯ ಶಾಸ್ತ್ರಕ್ಕೆ 1931ರಲ್ಲಿ ಐದು ಸೂತ್ರಗಳನ್ನೂ 1933ರಲ್ಲಿ ಕೋಲನ್ ವರ್ಗೀಕರಣವನ್ನೂ ಕೊಟ್ಟ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಅವರು 1962ರಲ್ಲಿ ಸ್ಥಾಪಿಸಿದ್ದೂ ಅಲ್ಲಿಯೇ. ಒಂದು ವಿಷಯವನ್ನು ವ್ಯಕ್ತಿತ್ವ, ದ್ರವ್ಯ, ಕ್ರಿಯೆ, ದೇಶ, ಕಾಲಗಳೆಂಬ ಮುಖಗಳಾಗಿ ಬಿಡಿಸಿ ನೋಡಬೇಕೆಂಬ ಅವರ ವಿಚಾರ ಅರ್ಥಜಾಲದ ವಿಚಾರಕ್ಕೆ ಅತ್ಯಂತ ಸಮೀಪದ್ದು. ಆ ಕೇಂದ್ರವಿರುವ ನಾಡಿನಲ್ಲಿಯೇ ಕನ್ನಡ ಕವಿಗಳ ಪ್ರಮಾಣಸೂಚಿ ತಂತ್ರಜ್ಞರ ಕೊರತೆಯಿಂದ ನಿಂತಿದೆಯೆಂದರೆ ನಂಬುವುದು ಕಷ್ಟ. ಕೊರತೆಯಿರುವುದು ಗ್ರಂಥಾಲಯ ವಿಭಾಗಕ್ಕೂ ಕನ್ನಡ ವಿಭಾಗಕ್ಕೂ ನಡುವಣ ಮಾತುಕತೆಗೆ.

ಮಾಡಬಹುದಾದ ಮೂರು ಕೆಲಸ

ಎಲ್ಲವನ್ನೂ ಒಮ್ಮೆಗೇ ಮಾಡಹೊರಟರೆ ಏನೂ ಆಗದು. ಮೂರು ಪಟ್ಟಿಗಳಿಂದ ಆರಂಭಿಸುವುದು ಯುಕ್ತ.

ಮೊದಲನೆಯದು ಕವಿಗಳದು. ಕವಿಚರಿತೆಯನ್ನು ಮೂಲವಾಗಿಟ್ಟು, ಮುಂದಿನ ಸಂಶೋಧನೆಯಿಂದ ತಿದ್ದಿ, ಪ್ರತಿ ಕವಿಗೂ ಕೃತಿಗೂ ಗುರುತುಸಂಖ್ಯೆ ಕೊಟ್ಟು, ವಾದಗ್ರಸ್ತವಾದಲ್ಲಿ ವಾದವನ್ನೂ ದಾಖಲಿಸಬೇಕು. ಎರಡನೆಯದು ಶಾಸನಗಳದು. ಎಪಿಗ್ರಾಫಿಯ ಕರ್ನಾಟಿಕದ ಹಳೆಯ ಹೊಸ ಆವೃತ್ತಿಗಳ ಸಂಖ್ಯೆಗಳನ್ನು ಒಂದೇ ಕಲ್ಲಿಗೆ ಕಟ್ಟಬೇಕು. ಮೂರನೆಯದು ಊರುಗಳದು. ಜನಗಣತಿಯೂ ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ಕೋಶವೂ ಗ್ರಾಮಗಳಿಗೆ ಆಗಲೇ ಸಂಕೇತಸಂಖ್ಯೆ ಕೊಟ್ಟಿವೆ. ಅವುಗಳಿಗೆ ಶಾಸನೋಕ್ತ ನಾಮ, ಹಳೆಯ ತಾಲ್ಲೂಕು, ಬಳಕೆಯ ಕಾಗುಣಿತಗಳನ್ನು ಸೇರಿಸಿದರೆ ಸಾಕು.

ಈ ದುಡಿಮೆಗೆ ಕೈಗಳೂ ಇವೆ. ಪಿಎಚ್‌.ಡಿ. ಪ್ರಬಂಧಗಳು ಶೋಧಗಂಗಾ ಭಂಡಾರ ಸೇರುತ್ತಿರುವ ಈ ಕಾಲದಲ್ಲಿ, ಪ್ರಬಂಧದ ಕೊನೆಯಲ್ಲಿ ತಾನು ಚರ್ಚಿಸಿದ ವ್ಯಕ್ತಿ, ಕೃತಿ, ಶಾಸನ, ಸ್ಥಳಗಳ ಗುರುತುಪಟ್ಟಿಯೊಂದನ್ನು ಆಧಾರಸಹಿತ ಕೊಡಬೇಕೆಂದು ಕನ್ನಡ ವಿಭಾಗಗಳು ನಿಯಮ ಮಾಡಿದರೆ, ಅನುಕ್ರಮಣಿಕೆ ಸಿದ್ಧಪಡಿಸುವ ಶ್ರಮಕ್ಕಿಂತ ಅದು ಹೆಚ್ಚಾಗದು. ಒಬ್ಬ ಸಂಶೋಧಕ ಒಂದು ತಾಲ್ಲೂಕನ್ನು ಕಟ್ಟಿಕೊಟ್ಟರೂ ಅದು ಶಾಶ್ವತವಾದ ಆಸ್ತಿ. ಹೊಸ ತಂತ್ರಾಂಶ ಬಂದರೂ ಹಳೆಯದು ಹೋದರೂ ಪಟ್ಟಿ ಉಳಿಯುತ್ತದೆ.

ಅಂದು ಹೊಂಗಡಹಳ್ಳದ ಆ ವಿದ್ಯಾರ್ಥಿನಿ ತನ್ನ ಪಂಚಾಯಿತಿಯ ಗ್ರಂಥಾಲಯದಲ್ಲಿಯೇ ಕುಳಿತು ತನ್ನ ಊರಿನ ಹೆಸರನ್ನು ಒಮ್ಮೆ ಒತ್ತಿದರೆ, ಊರು ಬೇರೆ ಹಳ್ಳ ಬೇರೆಯಾಗಿ ಎದುರು ನಿಲ್ಲುತ್ತವೆ. ಒಂದು ಕೊಂಡಿ ಮಂಜರಾಬಾದಿನ ಶಾಸನಗಳಿಗೆ ಒಯ್ಯುತ್ತದೆ, ಇನ್ನೊಂದು ಜಲವಿದ್ಯುತ್ ಯೋಜನೆಯ ಕಡತಕ್ಕೆ, ಮತ್ತೊಂದು ಆ ಯೋಜನೆಯನ್ನು ಬೇಡವೆಂದ ವರದಿಗೆ. ಆ ಹಳ್ಳದ ನೀರು ಎತ್ತ ಹರಿಯಬೇಕೆಂಬ ಮಾತು ಮುಂದೆ ಯಾವಾಗ ಬಂದರೂ, ಕಡತ ಹಿಡಿದು ಬಂದ ಅಧಿಕಾರಿ ಓದಿದಷ್ಟನ್ನು ಅವಳೂ ಓದಿರುತ್ತಾಳೆ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಎಂದು ರಂಗನಾಥನ್ ಹೇಳಿದ ಸೂತ್ರಕ್ಕೆ ಆ ಮಲೆಯ ಊರಿನಲ್ಲಿ ಇದಕ್ಕಿಂತ ಬೇರೆ ಅರ್ಥವಿರಲಾರದು.